ಕಾರಿನಡಿಯ ಕಾಲುಗಳು

ಕಾರಿನಡಿಯಿಂದ ಹೊರಗೆ ಚಾಚಿದ್ದ ಎರಡು ಕಾಲುಗಳ ಫೋಟೊ ನಮ್ಮ ಅಪಾರ್ಟ್‌ಮೆಂಟಿನ ಗ್ರೂಪಿಗೆ ಬಂದಾಗ, ಆ ಕಾಲುಗಳ ಒಡತಿಯಾದ ನಾನು ಇನ್ನೂ ಕಾರಿನಡಿಯಲ್ಲೇ ಇದ್ದೆ. ಪಕ್ಕದಲ್ಲಿಟ್ಟಿದ್ದ ಫೋನು ಒಂದೇ ಸಮನೆ ಬಡಿದುಕೊಳ್ಳುತ್ತಿತ್ತು. ಕೈಯೆಲ್ಲ ಎಣ್ಣೆ. ಬಡಿದುಕೊಳ್ಳಲಿ ಅಂತ ಬಿಟ್ಟೆ.

ನಮ್ಮದು ಸೆಕೆಂಡ್ ಹ್ಯಾಂಡ್ ಆಟೊಮ್ಯಾಟಿಕ್ ಕಾರು. ಕುಂದಲಹಳ್ಳಿಯ ಟ್ರಾಫಿಕ್ಕಿನಲ್ಲಿ ಕ್ಲಚ್ ತುಳಿದೂ ತುಳಿದೂ ನಮ್ಮವರ ಮಂಡಿ ಸೋತ ಮೇಲೆ ಕೊಂಡದ್ದು. ಇತ್ತೀಚೆಗೆ ರಿವರ್ಸಿಗೆ ಹಾಕಿದರೆ ಅದು ಸ್ವಲ್ಪ ಹೊತ್ತು ಯೋಚನೆ ಮಾಡಿ, ಆಮೇಲೆ ಧಡಕ್ಕನೆ ಎಗರುತ್ತಿತ್ತು. ಸರ್ವೀಸಿನವನನ್ನು ಕೇಳಿದರೆ, "ಗೇರ್‌ಬಾಕ್ಸ್ ಆಯಿಲ್ ಲೈಫ್‌ಟೈಮ್ ಬರತ್ತೆ ಮೇಡಂ, ಅದನ್ನ ಮುಟ್ಟೋದೇ ಬೇಡ" ಅಂದ. ಯಾರ ಲೈಫ್‌ಟೈಮಪ್ಪಾ ಅಂತ ಕೇಳಬೇಕೆನಿಸಿತು, ಕೇಳಲಿಲ್ಲ. ಮನೆಗೆ ಬಂದು ಬಾನೆಟ್ ಎತ್ತಿ, ಗೇರ್‌ಬಾಕ್ಸ್ ಎಣ್ಣೆಯ ಅಳತೆ ಕಡ್ಡಿ ಎಳೆದು ಮೂಸಿದೆ. ಕೆಂಪಗಿರಬೇಕಾದ ಎಣ್ಣೆ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿ ಸೀದ ವಾಸನೆ ಹೊಡೆಯುತ್ತಿತ್ತು.

ಆ ವಾಸನೆ ನನಗೆ ಹೊಸದಲ್ಲ. ಮದುವೆಗೆ ಮುಂಚೆ ನಾನು ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ಗೇರ್‌ಬಾಕ್ಸ್ ಜೋಡಿಸುತ್ತಿದ್ದೆ. ಐಟಿಐ ಓದಿದ ಫಿಟ್ಟರ್. ದಾಸರಹಳ್ಳಿಯ ಬಾಡಿಗೆ ಮನೆಯಿಂದ ಬುತ್ತಿ ಹಿಡಿದು ನಡೆದೇ ಹೋಗುತ್ತಿದ್ದೆ. ನಾಲ್ಕು ಸಲ ಸೋಪು ಹಾಕಿ ತಿಕ್ಕಿದರೂ ಉಗುರಿನ ಸಂದಿಯ ಕಪ್ಪು ಹೋಗುತ್ತಿರಲಿಲ್ಲ. ಕೆಲಸವನ್ನು ತುಂಬ ಚೆನ್ನಾಗಿ ಮಾಡುತ್ತಿದ್ದೆ. ಇಲ್ಲಿ ಹೇಳುತ್ತಿರುವುದರಲ್ಲಿ ನಾನು ನಾಚಿಕೆಪಡದೆ ಹೇಳಬಹುದಾದ ಮಾತು ಅದೊಂದೇ.

ಮದುವೆಯ ಮಾತುಕತೆ ಬಂದಾಗ ಆ ಕಾರ್ಖಾನೆ 'ಪ್ರೈವೇಟ್ ಕಂಪನಿ' ಆಯಿತು. ನಮ್ಮವರಿಗೆ ನಿಜ ಗೊತ್ತಿತ್ತು, ಒಪ್ಪಿಕೊಂಡೇ ಮದುವೆಯಾದರು. ಆದರೆ ಈ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಅದರ ಮಾತೇ ಇಬ್ಬರ ಬಾಯಲ್ಲೂ ಬರದಂತಾಯಿತು. ಅವರೊಬ್ಬರನ್ನೇ ದೂರಿ ನಾನು ಸಾಚಾ ಆಗಲಾರೆ. ಕೆಳಗಿನ ಪಾರ್ಕಿನಲ್ಲಿ ಹೆಂಗಸರು ಏನು ಓದಿದ್ದೀರಿ ಅಂತ ಕೇಳಿದಾಗ ನಾನೇ 'ಮೆಕ್ಯಾನಿಕಲ್' ಅಂದು ಅಲ್ಲಿಗೆ ನಿಲ್ಲಿಸಿದ್ದೆ. ಅವರು ಇಂಜಿನಿಯರಿಂಗ್ ಅಂದುಕೊಂಡರು. ಅಂದುಕೊಳ್ಳಲಿ ಅಂತ ಸುಮ್ಮನೆ ನಕ್ಕಿದ್ದೆ.

ಅವತ್ತು ನಮ್ಮವರು ಆಫೀಸಿಗೆ ಹೋದ ಮೇಲೆ ಅವರದೇ ಹಳೆಯ ಟ್ರ್ಯಾಕ್ ಪ್ಯಾಂಟು ಹಾಕಿಕೊಂಡು ಬೇಸ್‌ಮೆಂಟಿಗೆ ಇಳಿದೆ. ಜಾಕ್ ಹಾಕಿ ಕಾರೆತ್ತಿ, ಅಡಿಗೆ ಸ್ಟ್ಯಾಂಡ್ ಕೊಟ್ಟು, ಬಳೆ ತೆಗೆದಿಟ್ಟು, ಚಪ್ಪಲಿ ಬಿಟ್ಟು ಒಳಗೆ ಜಾರಿದೆ. ಹಿಂದಿನ ಚಕ್ರಕ್ಕೆ ಅಡ್ಡವಾಗಿ ಇಟ್ಟಿಗೆ ಇಟ್ಟುಕೊಟ್ಟವನು ನಮ್ಮ ಸೆಕ್ಯೂರಿಟಿಯವನು, ಯಾದಗಿರಿ ಕಡೆಯವನು. "ಹುಷಾರ್ರೀ ಮೇಡಮ್ಮಾರೆ" ಅಂದು ಗೇಟಿಗೆ ಹೋದ. ನಟ್ಟು ಬಿಚ್ಚಿದೆ. ಹಳೆಯ ಎಣ್ಣೆ ಬೇಸಿನ್ನಿಗೆ ಸುರಿಯಿತು. ಎಷ್ಟು ಇಳಿಯಿತೋ ಅಷ್ಟನ್ನೇ ಅಳೆದು, ಅಳತೆ ಕಡ್ಡಿಯ ಕೊಳವೆಯೊಳಗೆ ಉದ್ದನೆಯ ಆಲಿಕೆಯಿಂದ ಹೊಸದನ್ನು ಇಳಿಬಿಡಬೇಕು. ಎಷ್ಟೋ ವರ್ಷಗಳಿಂದ ಪಾತ್ರೆಯ ಮುಚ್ಚಳ ಬಿಟ್ಟು ಬೇರೇನನ್ನೂ ಬಿಚ್ಚಿರದ ಕೈ ಖುಷಿಯಾಗಿತ್ತು. ಗುನುಗುತ್ತಿದ್ದೆ ಅಂತ ಕಾಣುತ್ತದೆ.

ಕೆಲಸ ಮುಗಿಸಿ ಕೈ ಒರೆಸಿ ಫೋನು ನೋಡಿದೆ. ಯಾರೋ ಕಾಲಿನ ಕಡೆಯಿಂದ ತೆಗೆದ ಫೋಟೊ. ಒಡೆದ ಹಿಮ್ಮಡಿಗಳು, ಕಪ್ಪು ಹಿಡಿದ ಅಂಗಾಲುಗಳು, ಪಕ್ಕದಲ್ಲಿ ನಮ್ಮ ಕಾರಿನ ನಂಬರು. "ಹೊರಗಿನ ಮೆಕ್ಯಾನಿಕ್ ಬೇಸ್‌ಮೆಂಟಿನಲ್ಲಿ! ಕಾರು ಸೆಕ್ರೆಟರಿಯವರದೇ!" ಅಂತ ಇಂಗ್ಲಿಷಿನಲ್ಲಿ ಬರೆದಿತ್ತು. ಅಪಾರ್ಟ್‌ಮೆಂಟಿನ ಸಂಘದ ಸೆಕ್ರೆಟರಿ ಅಂದರೆ ನಮ್ಮವರು. ಹೊರಗಿನ ಮೆಕ್ಯಾನಿಕ್ಕುಗಳನ್ನು ಒಳಗೆ ಬಿಡಬಾರದು ಅಂತ ನಿಯಮ ಮಾಡಿಸಿದ್ದೂ ಅವರೇ. ನನಗೆ ನಿಯಮ ಗಿಯಮ ಏನೂ ತಲೆಗೆ ಬರಲಿಲ್ಲ. ನನ್ನ ಅಂಗಾಲನ್ನು ಇಡೀ ಅಪಾರ್ಟ್‌ಮೆಂಟು ನೋಡಿತಲ್ಲ ಅಂತ ಮುಖ ಕಾದುಹೋಯಿತು.

ಅಷ್ಟರಲ್ಲಿ ನಮ್ಮವರ ಫೋನು ಬಂತು. "ಯಾರನ್ನ ಕರೆಸಿದ್ದೀಯ?"

"ಯಾರನ್ನೂ ಇಲ್ಲ ಕಣ್ರೀ. ಅದು ನಾನೇ."

"ಸರಿ, ನಾನು ನೋಡ್ಕೋತೀನಿ" ಅಂದು ಇಟ್ಟರು.

ನೋಡಿಕೊಂಡರು. ಗ್ರೂಪಿನಲ್ಲಿ ಅವರ ಸಂದೇಶ ಬಂತು: ಕ್ಷಮಿಸಿ, ನಿಯಮ ಗೊತ್ತಿಲ್ಲದೆ ನನ್ನ ಹೆಂಡತಿ ಮೆಕ್ಯಾನಿಕ್ಕನ್ನು ಕರೆಸಿದ್ದಾಳೆ. ಎಂಟ್ರಿ ಮಾಡಿಸದೆ ಅವನನ್ನು ಒಳಗೆ ಬಿಟ್ಟ ಸೆಕ್ಯೂರಿಟಿಯವನ ಮೇಲೆ ಕ್ರಮ ತೆಗೆದುಕೊಳ್ಳುತ್ತೇವೆ.

ನಿಯಮವಿದ್ದದ್ದು ಹೊರಗಿನವರಿಗೆ ಮಾತ್ರ. ನಮ್ಮ ಕಾರನ್ನು ನಾವೇ ಬಿಚ್ಚಿಕೊಂಡರೆ ಯಾರೂ ಕೇಳುವಂತಿರಲಿಲ್ಲ. ನಿಜ ಹೇಳಿದ್ದರೆ ಯಾರ ತಪ್ಪೂ ಆಗುತ್ತಿರಲಿಲ್ಲ. ಆ ಕಾಲು ನನ್ನದು ಅನ್ನುವುದಕ್ಕಿಂತ, ಇಲ್ಲದ ಒಬ್ಬ ಗಂಡಸನ್ನು ಹುಟ್ಟಿಸಿ ಕಾರಿನಡಿ ಮಲಗಿಸುವುದೇ ಅವರಿಗೆ ಸಲೀಸಾಗಿ ಕಂಡಿತು. ಸಿಟ್ಟು ಬರಬೇಕಿತ್ತು. ಬಂದದ್ದು ಬರೀ ನಾಚಿಕೆ. ಅವರು ನನ್ನನ್ನು ಬಚ್ಚಿಟ್ಟದ್ದಕ್ಕಲ್ಲ. ಹಾಗೆ ಬಚ್ಚಿಟ್ಟದ್ದು ನನಗೆ ಆಶ್ಚರ್ಯವೇ ಆಗಲಿಲ್ಲವಲ್ಲ, ಅದಕ್ಕೆ.

ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಸ್ವಲ್ಪ ಹೊತ್ತಿಗೆ ಬೆಲ್ ಆಯಿತು. ಸೆಕ್ಯೂರಿಟಿಯವನು ಟೋಪಿ ಕೈಯಲ್ಲಿ ಹಿಡಿದು ನಿಂತಿದ್ದ.

"ಮೇಡಮ್ಮಾರೆ, ಸೂಪರ್‌ವೈಜರ್ ಫೋನ್ ಮಾಡಿದ್ರು. ಡ್ರೆಸ್ ತಿರುಗಿ ಕೊಟ್ಟು ನಾಳಿಂದ ಬರಬ್ಯಾಡ ಅಂದ್ರು. ನಾ ಯಾರನ್ನೂ ಒಳಗ ಬಿಟ್ಟಿಲ್ರೀ. ಮಗಳನ್ನ ಈಗಷ್ಟೇ ಇಲ್ಲಿ ಸಾಲಿಗೆ ಹಾಕೀನಿ." ಆಮೇಲೆ ದನಿ ತಗ್ಗಿಸಿ, "ನೀವೇ ಇದ್ರಿ ಅಂತ ಹೇಳ್ಲೇನ್ರೀ? ಸಾಹೇಬ್ರು ಬ್ಯಾರೆ ಬರ್ದಾರ, ಅದಕ್ಕ ಕೇಳಾಕ ಬಂದೆ" ಅಂದ.

ಕೆಲಸ ಹೋಗುತ್ತಿರುವವನು ನಿಜ ಹೇಳುವುದಕ್ಕೆ ನನ್ನ ಅಪ್ಪಣೆ ಕೇಳುತ್ತಿದ್ದ. ನಾನು ಬಾಗಿಲು ಹಿಡಿದುಕೊಂಡು ಅವನ ಬೂಟು ನೋಡುತ್ತಾ ನಿಂತೆ. "ನೀವೇನೂ ಹೇಳ್ಬೇಡಿ, ನಾನೇ ಹೇಳ್ತೀನಿ" ಅಂದೆ.

ಹೇಳುವುದು ಅಂದರೆ ಹೇಗೆ? ಮಾತಿಗಿಂತ ಫೋಟೊ ವಾಸಿ ಅನ್ನಿಸಿತು. ಅದೇ ಪ್ಯಾಂಟು, ಅದೇ ಕಾಲು ತೋರಿಸಿ 'ಇದು ನಾನೇ' ಅಂತ ಹಾಕಿಬಿಟ್ಟರೆ ಮುಗಿಯಿತಲ್ಲ. ಅಷ್ಟು ಮಾಡಿದ್ದರೆ ಸಾಕಿತ್ತು. ಆದರೆ ನಾನು ಮೊದಲು ಬಚ್ಚಲಿಗೆ ಹೋದೆ. ಬಿಸಿನೀರಲ್ಲಿ ಕಾಲು ನೆನೆಸಿ, ಕಲ್ಲಿನಲ್ಲಿ ಹಿಮ್ಮಡಿ ತಿಕ್ಕಿ, ಕೊಬ್ಬರಿ ಎಣ್ಣೆ ಸವರಿದೆ. ಒಬ್ಬ ಮನುಷ್ಯ ಕೆಳಗೆ ಸಮವಸ್ತ್ರ ಬಿಚ್ಚಲು ಹೊರಟಿದ್ದ, ನಾನು ಹಿಮ್ಮಡಿ ತಿಕ್ಕುತ್ತಿದ್ದೆ. ನೆನೆದರೆ ಈಗಲೂ ಕಾಲನ್ನು ಸೀರೆಯೊಳಗೆ ಎಳೆದುಕೊಳ್ಳುತ್ತೇನೆ.

ಫೋಟೊ ಹಾಕಿದೆ. ಬೆಳಿಗ್ಗೆ ಕಾರಿನಡಿ ಇದ್ದದ್ದು ನಾನು, ಸೆಕ್ಯೂರಿಟಿಯವನದು ತಪ್ಪಿಲ್ಲ ಅಂತ ಬರೆದೆ. ತಕ್ಷಣ ಒಬ್ಬರು ಎರಡೂ ಫೋಟೊಗಳನ್ನು ಅಕ್ಕಪಕ್ಕ ಜೋಡಿಸಿ ಹಾಕಿದರು. "ಮೇಡಂ, ಇದು ಆ ಕಾಲಲ್ಲ. ನಿಮ್ಮದು ಒಳ್ಳೇ ಮನಸ್ಸು, ಆದರೆ ಸೆಕ್ಯೂರಿಟಿಯವರನ್ನು ಹೀಗೆ ಕಾಪಾಡಬಾರದು." ಅದಕ್ಕೆ ಹತ್ತಾರು ಜನ ಹೌದು ಹೌದು ಅಂದರು. ನನ್ನ ಕಾಲು ನನ್ನದೇ ಅಂತ ಸಾಧಿಸುವ ದಾರಿಯನ್ನು ನಾನೇ ತಿಕ್ಕಿ ತೊಳೆದಿದ್ದೆ.

ನಮ್ಮವರಿಗೆ ಫೋನು ಮಾಡಿದೆ. "ಈಗ ನೀವು ಬರೀತೀರೋ, ಇಲ್ಲಾ ಎಲ್ಲರನ್ನೂ ಕೆಳಗೆ ಕರೆದು ನಾನು ಇನ್ನೊಂದ್ಸಲ ಕಾರಿನಡಿ ಮಲಗಲೋ?" ಅಂದೆ.

"ಏನಂತ ಬರೀಲಿ?" ಅಂದರು. ದನಿ ತೀರಾ ಸಣ್ಣದಾಗಿತ್ತು. ಅವರಿಗೂ ನಾಚಿಕೆಯಾಗಿತ್ತು, ಪಾಪ.

"ನಿಜ ಬರೀರಿ."

ಅವರು ಬರೆದರು. ಕಾರಿನಡಿ ಇದ್ದದ್ದು ನನ್ನ ಹೆಂಡತಿಯೇ. ತಪ್ಪು ಮಾಹಿತಿ ಕೊಟ್ಟದ್ದಕ್ಕೆ ಕ್ಷಮಿಸಿ. ಸೆಕ್ಯೂರಿಟಿಯವನ ಮೇಲೆ ಯಾವ ಕ್ರಮವೂ ಬೇಡ. ಕಾರು ರಿಪೇರಿ ಅವಳ ಹಾಬಿ, ವಿಡಿಯೊ ನೋಡಿ ಕಲಿತಿದ್ದಾಳೆ. ಕೊನೆಗೊಂದು ನಗುವ ಮುಖ.

ನನ್ನ ಮಾತನ್ನೂ ನನ್ನ ಕಾಲನ್ನೂ ನಂಬದ ಗ್ರೂಪು ಅದನ್ನು ಕೂಡಲೇ ನಂಬಿತು. ಚಪ್ಪಾಳೆಗಳ ಮೇಲೆ ಚಪ್ಪಾಳೆ. ಸೂಪರ್ ಮೇಡಂ, ಎಂಥಾ ಒಳ್ಳೇ ಹಾಬಿ, ನಮಗೂ ಕಲಿಸಿಕೊಡಿ ಅಂದವರೇ ಎಲ್ಲ. ಗೇಟಿನಿಂದ ಸೆಕ್ಯೂರಿಟಿಯವನು ಇಂಟರ್‌ಕಾಮ್ ಮಾಡಿ, "ಕೆಲಸ ಉಳೀತ್ರೀ ಮೇಡಮ್ಮಾರೆ, ನಿಮ್ಮ ಉಪಕಾರ ಮರೆಯಂಗಿಲ್ಲ" ಅಂದ. ಯಾವ ಉಪಕಾರವಪ್ಪಾ ಅಂತ ಕೇಳುವ ಧೈರ್ಯ ನನಗಿರಲಿಲ್ಲ.

ಆಮೇಲೆ ಸೋಫಾದ ಮೇಲೆ ಕೂತು ಬರೆಯತೊಡಗಿದೆ. 'ಅದು ಹಾಬಿ ಅಲ್ಲ. ಪೀಣ್ಯದಲ್ಲಿ ನಾನು ಅದರಿಂದಲೇ ಅನ್ನ ತಿಂದವಳು.' ಬರೆದು ಸುಮಾರು ಹೊತ್ತು ನೋಡಿದೆ. ಅವನ ಕೆಲಸ ಉಳಿದಾಗಿತ್ತು. ಇನ್ನು ಉಳಿಸಿಕೊಳ್ಳಬೇಕಾಗಿದ್ದದ್ದು ನನ್ನ ಪೀಣ್ಯದ ಕೆಲಸ ಮಾತ್ರ. ಆದರೂ ಒಂದೊಂದೇ ಅಕ್ಷರ ಅಳಿಸಿದೆ. ಗ್ರೂಪಿನಲ್ಲಿ ಎಲ್ಲರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಮ್ಮವರ ಆ ಸಂದೇಶಕ್ಕೆ ನಾನೂ ಒಂದು ಹೆಬ್ಬೆಟ್ಟು ಒತ್ತಿದೆ. ಓದು ಬಾರದವರು ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಾರೆ. ನಾನು ಓದಿ, ತಿಳಿದೇ ಒತ್ತಿದೆ.