ಒಣಗದೆ ಉಳಿದ ಕೊನೆಯ ಸಾಲು

ನಮ್ಮ ವಿಜ್ಞಾನದ ಮೇಷ್ಟ್ರ ಎಡಗಣ್ಣು ಬಲಗಣ್ಣಿಗಿಂತ ಚಿಕ್ಕದಾಗಿತ್ತು. ಸುತ್ತ ಚರ್ಮ ಸುಕ್ಕುಗಟ್ಟಿ, ಸದಾ ಅರ್ಧ ಮುಚ್ಚಿಕೊಂಡೇ ಇರುತ್ತಿತ್ತು. ಮೂವತ್ತು ವರ್ಷ ಬಲಗಣ್ಣನ್ನು ಸೂಕ್ಷ್ಮದರ್ಶಕಕ್ಕೆ ಇಟ್ಟು ಎಡಗಣ್ಣು ಮುಚ್ಚಿದ್ದರ ಫಲ ಅದು. ಹೈಸ್ಕೂಲಿನಲ್ಲಿ ನಾವು ಹುಡುಗಿಯರು ಅದನ್ನು ಅಣಕಿಸಿ ನಗುತ್ತಿದ್ದೆವು. ಅವರಿಗೆ ಗೊತ್ತಿತ್ತು, ಬೈಯುತ್ತಿರಲಿಲ್ಲ.

ನಿವೃತ್ತರಾದ ಮೇಲೆ ಅವರು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದರು. ಮಾಳಿಗೆ ತುಂಬ ಕುಂಡ, ಕುಂಡದ ತುಂಬ ಜೋಳ. ತೆನೆಗಾಗಿ ಅಲ್ಲ, ಬೇರಿಗಾಗಿ. ಸಂಡೂರಿನ ಗುಡ್ಡಗಳಲ್ಲಿ ಬೇಸಿಗೆಯಲ್ಲೂ ಹಸಿರಾಗಿರುವ ಗಿಡಗಳ ಬುಡದ ಮಣ್ಣು ತಂದು, ಅದರಲ್ಲಿದ್ದ ಬೂಷ್ಟನ್ನು ಜೋಳದ ಬೇರಿನಲ್ಲಿ ಸಾಕುತ್ತಿದ್ದರು. ರೊಟ್ಟಿ ಕೆಡಿಸುವ ಬೂಷ್ಟಲ್ಲ, ಬೇರಿನೊಳಗೇ ಮನೆ ಮಾಡಿಕೊಂಡು ಗಿಡಕ್ಕೆ ಉಪಕಾರ ಮಾಡುವ ಶಿಲೀಂಧ್ರ. ಜೋಳ ಬೆಳೆದ ಮೇಲೆ ಹತ್ತು ದಿನ ನೀರು ನಿಲ್ಲಿಸಿ, ದಂಟು ಕತ್ತರಿಸಿ, ಬೇರನ್ನು ಸಣ್ಣಗೆ ಹೆಚ್ಚಿ ಅದೇ ಮಣ್ಣಿನಲ್ಲಿ ಕಲಸಿಡುತ್ತಿದ್ದರು. ಮೊಸರಿಗೆ ಹೆಪ್ಪು ಇದ್ದಂತೆ ಹೊಲಕ್ಕೆ ಇದು ಹೆಪ್ಪು. ಕೇಳಿದ ರೈತರಿಗೆಲ್ಲ ಪುಕ್ಕಟೆ ಕೊಡುತ್ತಿದ್ದರು.

ಚೋರನೂರಿನಲ್ಲಿ ಅಪ್ಪ ಬಿಟ್ಟುಹೋದ ಹೊಲದಲ್ಲಿ ದ್ರಾಕ್ಷಿ ಹಾಕುತ್ತೇನೆಂದಾಗ ಊರೇ ನಕ್ಕಿತು. ನಮ್ಮ ಬಿಸಿಲಿಗೆ ಎಳೆ ಬಳ್ಳಿ ಸುಟ್ಟುಹೋಗುತ್ತದೆ ಎಂದರು. ನಾನು ಹಟದ ಹೆಂಗಸು. ಆದರೂ ಒಳಗೊಳಗೇ ಹೆದರಿ ಮೇಷ್ಟ್ರ ಮನೆಗೆ ಹೋದೆ. ಅವರು ಬೇರಿನ ತುಂಡೊಂದನ್ನು ಕುದಿಸಿ, ವಿನೆಗರ್ ಬೆರೆಸಿದ ಪೆನ್ನಿನ ಶಾಯಿಯಲ್ಲಿ ಅದ್ದಿ, ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಬೇರಿನೊಳಗೆ ನೀಲಿ ಎಳೆಗಳು ಕವಲೊಡೆದು ಹರಡಿದ್ದವು.

“ಬಳ್ಳಿ ಇದಕ್ಕ ಸಕ್ರಿ ಕೊಡ್ತೈತಿ, ಇದು ಬೇರು ಮುಟ್ಟಲಾರದ ಕಡಿಂದ ನೀರು ತರ್ತೈತಿ,” ಎಂದರು. “ಮಂತ್ರ ಅಲ್ಲವ್ವ. ಬಿಸಿಲೇನೂ ಕಡಿಮಿ ಆಗಂಗಿಲ್ಲ. ಬಳ್ಳಿ ತಡಕೊಳ್ಳೋದು ಸ್ವಲ್ಪ ಹೆಚ್ಚಾಗತೈತಿ, ಅಷ್ಟ.”

ನಾಟಿ ಮಾಡುವಾಗ ಗುಣಿಗೊಂದು ಹಿಡಿಯಂತೆ ಅವರ ಹೆಪ್ಪು ಹಾಕಿದೆ. ಬುಡಕ್ಕೆ ಮಾತ್ರ ಎಣ್ಣೆ ಸುರಿಯಬೇಡ ಎಂದು ಎರಡೆರಡು ಸಲ ಹೇಳಿ ಕಳಿಸಿದ್ದರು. ನಮ್ಮ ಕಡೆ ಬೆಳೆಯ ಔಷಧಕ್ಕೆಲ್ಲ ಎಣ್ಣೆ ಎಂದೇ ಹೆಸರು. ಎಳೆ ಸಸಿಯ ಬೇರು ಕೊಳೆಯದಿರಲೆಂದು ಎಣ್ಣೆ ಕಲಸಿದ ನೀರನ್ನು ಬುಡಕ್ಕೆ ಒಂದೊಂದು ಚೊಂಬು ಸುರಿಯುವುದು ಅಪ್ಪನ ಕಾಲದಿಂದ ಬಂದ ರೂಢಿ. ಎರಡು ಸಸಿ ಬಾಡಿದ್ದೇ ತಡ, ನಾನೂ ಎಣ್ಣೆ ಕಲಸಿದೆ. ಸುರಿದುಬಿಟ್ಟೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಎಣ್ಣೆ ಮುಗಿದಿತ್ತು. ಕೊಳೆಸುವ ಬೂಷ್ಟನ್ನು ಕೊಲ್ಲುವ ಎಣ್ಣೆ ಸಾಕಿದ ಬೂಷ್ಟನ್ನೂ ಕೊಲ್ಲುತ್ತದೆ ಎಂಬ ಯೋಚನೆ ಬರಲಿಲ್ಲ ಎಂದರೆ ಸುಳ್ಳಾದೀತು. ಬಂತು, ತಳ್ಳಿಹಾಕಿದೆ.

ಮೇ ತಿಂಗಳಲ್ಲಿ ಎಲೆಗಳ ಅಂಚು ಸುಟ್ಟು ಸಾಲಿಗೆ ಸಾಲೇ ಒಣಗಿತು. ಕೊನೆಯ ಸಾಲು ಮಾತ್ರ ಮಧ್ಯಾಹ್ನ ಬಾಡಿ ಸಂಜೆಗೆ ಮತ್ತೆ ಎದ್ದು ನಿಲ್ಲುತ್ತಿತ್ತು. ಸುದ್ದಿ ತಿಳಿದು ಮೇಷ್ಟ್ರು ಬಸ್ಸು ಹಿಡಿದು ಬಂದರು. ಎಪ್ಪತ್ತೆಂಟರ ಮನುಷ್ಯ, ಉರಿಬಿಸಿಲಲ್ಲಿ ಮಂಡಿಯೂರಿ ಬುಡ ಕೆದಕಿದರು.

“ಏನರ ಎಣ್ಣಿ ಸುರುವೀಯೇನವ್ವ?”

“ಇಲ್ರಿ ಸರ್,” ಎಂದೆ.

ಅವರು ಇನ್ನೊಮ್ಮೆ ಕೇಳಲಿಲ್ಲ. ಇವತ್ತಿಗೂ ನನ್ನನ್ನು ಚುಚ್ಚುವುದು ಅದೇ. ಒಂದೇ ಸಾಲಿಗೆ ಒಳ್ಳೆಯ ಹೆಪ್ಪು ಬಿದ್ದಿರಬೇಕು, ಕುಂಡಗಳಲ್ಲಿ ಒಳ್ಳೆಯದು ಯಾವುದೋ ಕೆಟ್ಟದ್ದು ಯಾವುದೋ ತಿಳಿಯದಾಯಿತಲ್ಲ ಎಂದು ತಮಗೆ ತಾವೇ ಹೇಳಿಕೊಳ್ಳುತ್ತ ಬಸ್ಸು ಹತ್ತಿದರು.

ತಿಂಗಳು ಕಳೆದು ಚಿತ್ತವಾಡ್ಗಿಗೆ ಹೋದರೆ ಮಾಳಿಗೆ ಬರಿದಾಗಿತ್ತು. ಕುಂಡಗಳೆಲ್ಲ ಬೋರಲು ಬಿದ್ದಿದ್ದವು. ಇನ್ನೊಬ್ಬ ರೈತನಿಗೆ ನಷ್ಟವಾಗಬಾರದೆಂದು, ಹನ್ನೊಂದು ವರ್ಷ ಸಾಕಿದ್ದ ಹೆಪ್ಪನ್ನೆಲ್ಲ ಹೊರಗೆ ಸುರಿದುಬಿಟ್ಟಿದ್ದರು. ಸರಿಯಾಗಿ ಊಟ ಮಾಡುತ್ತಿಲ್ಲ ಎಂದು ಅವರ ಹೆಂಡತಿ ಪಿಸುಮಾತಿನಲ್ಲಿ ಹೇಳಿದರು. ಮೇಷ್ಟ್ರು ಮೂಲೆಯಲ್ಲಿ ಕೂತು ಅಂಚೆ ಕಾರ್ಡು ಬರೆಯುತ್ತಿದ್ದರು. ಫೋನಿನಲ್ಲಿ ಕ್ಷಮೆ ಕೇಳುವುದು ಅವರ ಪ್ರಕಾರ ಮರ್ಯಾದೆಯಲ್ಲ. ಹೆಪ್ಪು ಒಯ್ದಿದ್ದ ಪ್ರತಿಯೊಬ್ಬರಿಗೂ ಒಂದೊಂದು ಕಾರ್ಡು: ಉಳಿದದ್ದನ್ನು ಬಳಸಬೇಡಿ, ತಪ್ಪು ನನ್ನದು.

ನಿಂತುಕೊಂಡೇ ಹೇಳಿದೆ. “ಸರ್, ಸುಳ್ಳು ಹೇಳೀನ್ರಿ. ಕಡೀ ಸಾಲೊಂದು ಬಿಟ್ಟು ಎಲ್ಲಾದಕ್ಕೂ ಎಣ್ಣಿ ಸುರುವಿದ್ದೆ.”

ಅವರು ಪೆನ್ನು ಕೆಳಗಿಟ್ಟರು. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬರೆದ ಕಾರ್ಡುಗಳನ್ನು ಒಂದೊಂದಾಗಿ ಹರಿದರು.

“ಕಡೀ ಸಾಲಿನ ಬೇರು ಒಂದೀಟು ತಂದುಕೊಡು,” ಎಂದರು. “ಅಲ್ಲಿ ಇನ್ನೂ ಜೀವ ಐತಿ.”

ಒದ್ದೆ ಗೋಣಿಯಲ್ಲಿ ಬೇರು, ಮಣ್ಣು ಸುತ್ತಿಕೊಂಡು ಮರುದಿನವೇ ಒಯ್ದೆ. ಅವರು ಮತ್ತೆ ಜೋಳ ಬಿತ್ತಿದರು. ಮೆಟ್ಟಿಲು ಹತ್ತಲಾಗದಾದಾಗ ಯಾವ ಕುಂಡಕ್ಕೆ ಎಷ್ಟು ನೀರು ಎಂದು ಕೆಳಗಿನಿಂದಲೇ ಹೇಳುತ್ತಿದ್ದರು. ವಾರಕ್ಕೊಮ್ಮೆ ನಾನು ಹೋಗಿ ಹಾಕುತ್ತಿದ್ದೆ, ಉಳಿದ ದಿನ ಅವರ ಹೆಂಡತಿ. ಜೋಳ ಬೆಳೆದು, ನೀರು ನಿಲ್ಲಿಸಿ ಬೇರು ಒಣಗಿಸುತ್ತಿದ್ದ ಆ ಹತ್ತು ದಿನಗಳಲ್ಲೇ ಮೇಷ್ಟ್ರು ತೀರಿಕೊಂಡರು. ದಂಟು ಕತ್ತರಿಸಿ, ಬೇರು ಹೆಚ್ಚಿ, ಹೆಪ್ಪು ಕಲಸಿದ್ದು ನಾನು. ಕಲಸುವಾಗ ಅತ್ತುಬಿಟ್ಟೆ.

ಈಗ ತೋಟದ ಎಲ್ಲ ಸಾಲುಗಳಲ್ಲೂ ಅದೇ ಹೆಪ್ಪಿದೆ. ಬೇಸಿಗೆಯಲ್ಲಿ ಬಳ್ಳಿ ಬಾಡುತ್ತದೆ, ಒಣಗುವುದು ಕಡಿಮೆ. ಸಂಡೂರು, ಕಂಪ್ಲಿ ಕಡೆಯ ರೈತರು ಬಂದು ಕೇಳಿದರೆ ಕೊಡುತ್ತೇನೆ. ಯಾರದಾದರೂ ಸಸಿ ಒಣಗಿತೆಂದರೆ ಹೋಗಿ ಬುಡ ಕೆದಕಿ, ಎಣ್ಣೆ ಸುರಿದಿದ್ದೀರೇನು ಎಂದು ಕೇಳುತ್ತೇನೆ. ಇಲ್ಲ ಎಂದರೆ ಇನ್ನೊಮ್ಮೆ ಕೇಳುವುದಿಲ್ಲ. ನಾನೂ ಒಬ್ಬರಿಗೆ ಹಾಗೇ ಅಂದಿದ್ದೆ ಎಂದು ಹೇಳಿ ಬದುವಿನ ಮೇಲೆ ಕೂತು ಕಾಯುತ್ತೇನೆ.