ತೊಟ್ಟಿ ತುಂಬ ದ್ರಾಕ್ಷಿ, ಎದುರಿಗೆ ನಮ್ಮತ್ತೆ

ನಮ್ಮ ಬೀಗರಾಗಬೇಕಾದವರು ವೈನ್ ಮಾಡುತ್ತಾರೆ. ಈ ಮಾತನ್ನು ಬಸವನಗುಡಿಯಲ್ಲಿ ಜೋರಾಗಿ ಹೇಳಿ ನೋಡಿ. ಪಕ್ಕದ ಮನೆಯ ಮಿಕ್ಸಿ ಕೂಡ ನಿಂತುಬಿಡುತ್ತದೆ.

ಮಗಳು ಸಿಂಧು ಕಾಫಿ ಬೆಳೆಯ ಬಗ್ಗೆ ಓದಲು ಬ್ರೆಜಿಲ್‌ಗೆ ಹೋದವಳು, ಅಲ್ಲಿನ ಲೂಕಾನನ್ನು ಮೆಚ್ಚಿಕೊಂಡಳು. ನಾನೂ ನನ್ನವರೂ ಒಪ್ಪಿದೆವು. ಆದರೆ ಎಂಬತ್ತು ದಾಟಿದ ನಮ್ಮತ್ತೆ? "ಮನೆ ನೋಡ್ದೆ ಹುಡುಗಿ ಕೊಡ್ತಾರೇನೇ?" ಎಂದರು. ಅಜ್ಜಿ ಬೇಡ ಅಂದರೆ ಮದುವೆಯೇ ಇಲ್ಲ ಎಂದು ಸಿಂಧುವೂ ಹಟ ಹಿಡಿದಳು. ಸರಿ, ಅತ್ತೆಯನ್ನು ಕರೆದುಕೊಂಡು ಹೊರಟೆ. (ಅವರ ಬ್ಯಾಗಿನಲ್ಲಿ ಚಟ್ನಿಪುಡಿ, ಮೆಂತ್ಯದ ಹಿಟ್ಟು, ಪಂಚಾಂಗ.)

ಏನು ಊರು ಅಂತೀರಿ! ಗುಡ್ಡದ ತುಂಬ ದ್ರಾಕ್ಷಿ ಚಪ್ಪರ. ಲೂಕಾನ ಮನೆತನ ಇಟಲಿಯಿಂದ ಬಂದು ನಾಲ್ಕೈದು ತಲೆಮಾರು ಕಳೆದರೂ ಮನೆಯೊಳಗೆ ಇನ್ನೂ ಮುತ್ತಜ್ಜನ ಹಳ್ಳಿಯ ಮಾತೇ. ಊಟಕ್ಕೆ ಮೆಕ್ಕೆಜೋಳದ ಮುದ್ದೆ. ಅತ್ತೆ ಎರಡನೇ ಸಲ ಹಾಕಿಸಿಕೊಂಡಾಗ ನನಗೆ ಕುಣಿಯುವಷ್ಟು ಖುಷಿ.

ಸಂಜೆ ಕೊಯ್ಲಿನ ಹಬ್ಬ. ಅಂಗಳದಲ್ಲಿ ಮರದ ದೊಡ್ಡ ತೊಟ್ಟಿ, ಅದರ ತುಂಬ ಕಪ್ಪು ದ್ರಾಕ್ಷಿ. ಅಕಾರ್ಡಿಯನ್, ಹಾಡು, ಗದ್ದಲ. ಲೂಕಾನ ಅಜ್ಜಿ ಬಂದು ಅತ್ತೆಯ ಕೈ ಹಿಡಿದರು. ವೈನಿಗೆ ರಸ ತೆಗೆಯಲು ಆ ದ್ರಾಕ್ಷಿಯನ್ನು ಬಂದ ಅತಿಥಿಗಳಲ್ಲಿ ಹಿರಿಯ ಹೆಂಗಸೇ ಮೊದಲು ಕಾಲಿನಿಂದ ತುಳಿಯಬೇಕಂತೆ. ಅದು ಆ ಮನೆಯವರು ಕೊಡುವ ಮರ್ಯಾದೆ.

ತಿನ್ನುವ ಪದಾರ್ಥಕ್ಕೆ ಕಾಲೇ? ಅತ್ತೆಯನ್ನು ಕೇಳದೆಯೇ ಮುಂದೆ ಬಿದ್ದು ಇಂಗ್ಲಿಷಿನಲ್ಲಿ ಭಾಷಣ ಶುರು ಮಾಡಿದೆ. ನಮ್ಮಲ್ಲಿ ಆಹಾರಕ್ಕೆ ಕಾಲು ತಾಗಿಸುವುದಿಲ್ಲ, ಅದು ದೇವರು, ಇತ್ಯಾದಿ. ಲೂಕಾ ಅದನ್ನು ಅವರ ಮಾತಿನಲ್ಲಿ ಹೇಳಿದ. ಹಾಡು ನಿಂತಿತು. ಅವನ ಅಜ್ಜಿಯ ಮುಖ ಸಣ್ಣಗಾಯಿತು. ಸಿಂಧು ನನ್ನತ್ತ ನೋಡಿದ ನೋಟ, ಬೇಡ ಬಿಡಿ.

"ಏನಂದೆ ಅವ್ರಿಗೆ?" ಅತ್ತೆ ಕೇಳಿದರು. ಹೇಳಿದೆ.

"ನಮ್ಮನೆಗೆ ಸೊಸೆಯಾಗಿ ಬಂದ ದಿನ ಹೊಸ್ಲಲ್ಲಿ ಸೇರಿನ ತುಂಬ ಅಕ್ಕಿ ಒದ್ದೇ ತಾನೇ ನೀನು ಒಳಗೆ ಬಂದಿದ್ದು? ಅಕ್ಕಿ ಏನು, ತಿನ್ನೋ ಪದಾರ್ಥ ಅಲ್ವಾ?"

(ಇದಕ್ಕೆ ನಿಮ್ಮಲ್ಲಿ ಉತ್ತರವಿದೆಯೇ?)

ಅತ್ತೆ ಕಾಲು ತೊಳೆದುಕೊಂಡರು. ದ್ರಾಕ್ಷಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಲೂಕಾನ ಅಜ್ಜಿಯ ಭುಜ ಹಿಡಿದು, ಬಲಗಾಲಿಟ್ಟು ತೊಟ್ಟಿಗೆ ಇಳಿದೇಬಿಟ್ಟರು. ಆಕೆಯೂ ಹಿಂದೆಯೇ ಇಳಿದರು. ಅಕಾರ್ಡಿಯನ್ ಮತ್ತೆ ಶುರು. ಇಬ್ಬರು ಅಜ್ಜಿಯರೂ ಕಚಪಚ ತುಳಿಯುತ್ತಿದ್ದರೆ ನನಗೆ ನಗುವೂ ಅಳುವೂ ಒಟ್ಟಿಗೇ ಬಂತು.

ಪಾದ ಮುಳುಗುವ ರಸದಲ್ಲಿ ನಿಂತುಕೊಂಡೇ ಅತ್ತೆ ನನ್ನನ್ನು ಹತ್ತಿರ ಕರೆದರು.

"ಸಿಂಧುನ ಮನೆ ತುಂಬಿಸ್ಕೊಳ್ಳೋವಾಗ ಹೊಸ್ಲಲ್ಲಿ ಒದೆಯೋಕೆ ಅಕ್ಕಿ ಇಡ್ತಾರೋ ದ್ರಾಕ್ಷಿ ಇಡ್ತಾರೋ, ಈಗ್ಲೇ ಕೇಳಿಬಿಡು."