ಹುಲಿಗೆಮ್ಮನ ಚುಟ್ಟದ ಹಿಂದೆ ಐದು ಊರು

ಹರಪನಹಳ್ಳಿಯ ರುದ್ರಪ್ಪ ಸಾವುಕಾರರ ಹೊಗೆಸೊಪ್ಪಿನ ಅಂಗಡಿಗೆ ಮೂರು ಮೆಟ್ಟಿಲುಗಳಿವೆ. ನಾನು ನಿಂತಿದ್ದು ಕೆಳಗಿನ ಮೆಟ್ಟಿಲ ಮೇಲೆ, ರಸ್ತೆಗೆ ಬೆನ್ನು ಮಾಡಿ. ಹುಲಿಗೆಮ್ಮ ನನಗಿಂತ ಒಂದು ಮೆಟ್ಟಿಲು ಮೇಲಿದ್ದಳು, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ. ಸಾವುಕಾರರು ಬಾಗಿಲಲ್ಲಿದ್ದರು. ಅಂದು ಸೋಮವಾರ, ಬೆಳಗಿನ ಹನ್ನೊಂದರ ಸುಮಾರು. ಎದುರಿನ ವೆಲ್ಡಿಂಗ್ ಅಂಗಡಿಯ ತಗಡಿನ ನೆರಳು ಅರ್ಧ ರಸ್ತೆಯವರೆಗೆ ಚಾಚಿತ್ತು. ನನಗೂ ಅವರಿಬ್ಬರಿಗೂ ನಡುವೆ ಕಂಬವಿರಲಿಲ್ಲ, ಗೋಡೆಯಿರಲಿಲ್ಲ, ಬೇರೆ ಮನುಷ್ಯರೂ ಇರಲಿಲ್ಲ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಅಂದು ಹುಲಿಗೆಮ್ಮ ಉರಿಯುವ ಚುಟ್ಟವನ್ನು ಸಾವುಕಾರರ ಗೋದಾಮಿನೊಳಗೆ ಎಸೆದಳು ಎಂಬ ಮಾತು ಈಗ ನಮ್ಮ ಕೂಡ್ಲಿಗಿಯವರೆಗೂ ಬಂದಿದೆ. ಆಕೆ ಎಸೆಯಲಿಲ್ಲ. ನಾನು ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದು ನಿವೃತ್ತನಾದವನು. ಎಲ್ಲಿ ನಿಂತು ನೋಡಿದೆ ಎನ್ನುವುದನ್ನು ಬಿಟ್ಟು ಏನು ನೋಡಿದೆ ಎಂದು ಹೇಳುವ ಅಭ್ಯಾಸ ನನಗಿಲ್ಲ. ಆದ್ದರಿಂದ ಆ ಪ್ರಯಾಣವನ್ನು ಹೊರಟಲ್ಲಿಂದಲೇ ಬರೆಯುತ್ತೇನೆ.

ಹುಲಿಗೆಮ್ಮ ಕೂಡ್ಲಿಗಿಯಲ್ಲಿ ನಮ್ಮ ಪಕ್ಕದ ಮನೆಯವಳು. ಚುಟ್ಟ ಸುತ್ತುವುದು ಆಕೆಯ ಮನೆಯ ಕಸುಬು. ಗಂಡ ಹನುಮಂತಪ್ಪ ಹೊಗೆಸೊಪ್ಪಿನ ಎಲೆ ತರುತ್ತಿದ್ದ, ಕಟ್ಟುಗಳನ್ನು ಹೊತ್ತು ಊರೂರು ತಿರುಗಿ ಮಾರುತ್ತಿದ್ದ. ಎಲೆಗೆ ಬೆಲ್ಲದ ನೀರು ಚಿಮುಕಿಸಿ ಹದ ಮಾಡುವವಳು, ಸುತ್ತುವವಳು, ಹಿತ್ತಲಲ್ಲಿ ಬಚ್ಚಲ ಒಲೆಯ ಮುಂದೆ ಕೂತು ಒಂದನ್ನು ಸೇದಿ ರುಚಿ ನೋಡುವವಳು ಆಕೆ. ಊರಿಗೆ ಮಾತ್ರ ಅದು ‘ಹನುಮಂತಪ್ಪನ ಚುಟ್ಟ’. ಕಳೆದ ಮಳೆಗಾಲದಲ್ಲಿ ಹನುಮಂತಪ್ಪ ತೀರಿಕೊಂಡ. ಆಮೇಲೆ ಮಾಲನ್ನೆಲ್ಲ ಹರಪನಹಳ್ಳಿಯ ರುದ್ರಪ್ಪನವರೇ ತರಿಸಿಕೊಂಡು ಅಂಗಡಿಗಳಿಗೆ ಹಂಚತೊಡಗಿದರು. ಮಾಘದ ಹೊತ್ತಿಗೆ, ರುಚಿ ಕೆಟ್ಟಿದೆ ಎಂದು, ಅಂಗಡಿಗಳಿಂದ ಕಟ್ಟುಗಳು ಸಾವುಕಾರರಿಗೆ ವಾಪಸು ಹೋದವು. ಹುಲಿಗೆಮ್ಮನಿಗೆ ಸಾವುಕಾರರ ಮಾತು ಬಂತು: ಹನುಮಂತಪ್ಪನ ಕೈ ಅವನ ಜೊತೆಗೇ ಹೋಯಿತು, ಇನ್ನು ಈ ಮಾಲು ಬೇಡ.

“ಅಣ್ಣಾ, ನನ್ನ ಜೊತಿ ಬರ್ರಿ,” ಎಂದಳು ಹುಲಿಗೆಮ್ಮ. “ಎಲ್ಲಾ ಅಂಗಡಿಗೂ ಹೋಗಿ ಒಂದೊಂದು ಸೇದಿ ನೋಡ್ತೀನಿ. ನಾ ಹೇಳಿದ್ರ ನಂಬಂಗಿಲ್ಲ. ನೀವು ನೋಡಿದ್ದು ನೀವು ಹೇಳ್ರಿ, ಸಾಕು.”

“ನಾನು ಸೇದೋದು ಬಿಟ್ಟು ವರ್ಷಗಳಾದ್ವು. ರುಚಿ ನನಗೇನು ತಿಳೀತೈತಿ?”

“ರುಚಿ ನಾ ನೋಡ್ತೀನಿ. ನೀವು ಬೂದಿ ನೋಡ್ರಿ.”

ಭಾನುವಾರ ಬೆಳಿಗ್ಗೆ ಕೊಟ್ಟೂರಿನ ಬಸ್ ಹತ್ತಿದೆವು. ಆಕೆಯ ಚೀಲದಲ್ಲಿ ಬಟ್ಟೆಯಲ್ಲಿ ಸುತ್ತಿದ ಒಂದು ಕಟ್ಟು ಇತ್ತು, ಆ ವಾರವೇ ಸುತ್ತಿದ್ದು. ಕಂಡಕ್ಟರ್ ಆಕೆಗೆ ಹೆಂಗಸರ ಸೊನ್ನೆ ಟಿಕೆಟ್ ಹರಿದುಕೊಟ್ಟು ನನ್ನ ಕಡೆ ಕೈ ಚಾಚಿದ. “ಕೊಡ್ರಿ ಅಣ್ಣಾ, ಗಂಡಸಾಗಿ ಹುಟ್ಟಿದ್ದಕ್ಕ ಇಷ್ಟಾದರೂ ಕೊಡ್ರಿ,” ಎಂದು ನಕ್ಕಳು. ಆ ಎರಡು ದಿನಗಳಲ್ಲಿ ಆಕೆ ಬಾಯಿ ತುಂಬ ನಕ್ಕಿದ್ದು ಅಲ್ಲೊಮ್ಮೆ, ಹಡಗಲಿಯಲ್ಲೊಮ್ಮೆ.

ಕೊಟ್ಟೂರಿಗೆ ಇಪ್ಪತ್ತು ಕಿಲೋಮೀಟರಿನ ಆಸುಪಾಸು. ದಾರಿಯ ಎರಡೂ ಬದಿ ಜೋಳ ಕೊಯ್ದ ಹೊಲಗಳು, ಬಿಸಿಲಿಗೆ ಬಿರಿಯತೊಡಗಿದ ನೆಲ. ಆಕೆಯ ಚುಟ್ಟ ಮಾರುವ ಮಹಬೂಬ್‌ಸಾಬರ ಅಂಗಡಿ ಬಜಾರದಲ್ಲೇ ಇದೆ. ಅವರು ಸ್ಟೂಲ್ ಹಾಕಿ ಕೂರಿಸಿದರು. ಹುಲಿಗೆಮ್ಮ ಅವರ ಕಟ್ಟಿನಿಂದ ಒಂದು ಚುಟ್ಟ ಎಳೆದಳು. ತುದಿಯಿಂದ ಬುಡದವರೆಗೆ ಎರಡು ಬೆರಳಲ್ಲಿ ಒತ್ತಿಕೊಂಡು ಹೋದಳು. ಒಳಗೆ ಗಂಟಾಗಲಿ ಪೊಳ್ಳಾಗಲಿ ಇರಬಾರದು. ಆಮೇಲೆ ಕಿವಿಯ ಹತ್ತಿರ ಹಿಡಿದು ಹೊರಳಿಸಿದಳು. ಚಟಚಟ ಅಂದರೆ ಎಲೆ ಒಣಗಿದೆ, ಏನೂ ಅನ್ನದಿದ್ದರೆ ಹಸಿ. ಅದು ಹೊಸ ಸೀರೆಯ ಸೆರಗಿನಷ್ಟೇ ಸಪ್ಪಳ ಮಾಡಿತು; ನನಗೂ ಕೇಳಿಸಿತು.

ಕಡ್ಡಿ ಗೀರುವಾಗ ಮಹಬೂಬ್‌ಸಾಬರು ಗಲಿಬಿಲಿಗೊಂಡರು. “ಇಲ್ಲೇ ಸೇದ್ತೀ ಏನವ್ವಾ? ಒಳಗ ಬಾ. ಮಂದಿ ನೋಡ್ತಾರ.”

“ನೋಡ್ಲಿ ಬಿಡ್ರಿ ಸಾಬ್ರ. ಇಷ್ಟು ವರ್ಷ ಹಿತ್ತಲದಾಗ ಸೇದಿದ್ದಕ್ಕ ಇವತ್ತು ಇದು ನನ್ನ ಕೈದಲ್ಲ ಅಂತಾರ.”

ಮಂದಿ ನೋಡಿದರು. ಯಾರೋ ಮೊಬೈಲ್ ಎತ್ತಿ ಹಿಡಿದರು. ರುಮಾಲಿನ ಮುದುಕರೊಬ್ಬರು, “ಯಜಮಾನಿ, ನೀ ಒಬ್ಬಾಕಿನ ಸೇದಿದರ ಹೊಟ್ಟಿ ನೋಯ್ತೈತಿ, ನನಗೂ ಒಂದು ಕೊಡು,” ಎಂದರು. ಆಕೆ ಕೊಡಲಿಲ್ಲ. ಮೊದಲ ಎರಡು ದಮ್ಮು ಹಾಗೇ ಬಿಟ್ಟು ಮೂರನೆಯದನ್ನು ಬಾಯಲ್ಲಿ ಹಿಡಿದಳು. ಪಕ್ಕಕ್ಕೆ ಉಗುಳಿದಳು.

“ಸುತ್ತಿದ್ದು ಸರಿ ಐತಿ. ಹದ ಸರಿ ಐತಿ. ಹೊಗಿ ಹಿಂದ ಏನೋ ತಣ್ಣನ ವಾಸನಿ ಐತಿ ಅಣ್ಣಾ. ಇದು ನನ್ನ ಮನಿಂದ ಬಂದಿದ್ದಲ್ಲ.”

ಯಾವ ವಾಸನೆ ಎಂದು ಹೇಳಲು ಆಕೆಗಾಗಲಿಲ್ಲ. ನಾನು ಬೂದಿ ನೋಡಿದೆ. ಬೆಳ್ಳಗೆ, ಒಂದೇ ಸಮನೆ ಬಂದಿತ್ತು.

ಹಗರಿಬೊಮ್ಮನಹಳ್ಳಿ ಮುಟ್ಟುವಾಗ ಮಧ್ಯಾಹ್ನ. ಬಸ್ ನಿಲ್ದಾಣದ ಹೊರಗೆ ಒಗ್ಗರಣೆ ಮಂಡಕ್ಕಿ, ಬಿಸಿ ಮಿರ್ಚಿ ಕಟ್ಟಿಸಿಕೊಂಡು ಅಂಗಡಿಗೆ ಹೋದೆವು. ಅಂಗಡಿಯವನು ಗಾಜಿನ ಭರಣಿಯಿಂದ ಹಳೆಯ ಕಟ್ಟೊಂದನ್ನು ತೆಗೆದ. ಹನುಮಂತಪ್ಪ ತಾನೇ ತಂದುಕೊಟ್ಟಿದ್ದು, ಸಾವುಕಾರರ ಗೋದಾಮು ಕಾಣದ್ದು. “ಇದು ನೋಡವ್ವ ಚುಟ್ಟ ಅಂದ್ರ. ಈಗ ಬರೋದು ಅಲ್ಲ,” ಎಂದ.

ಆಕೆ ಹಚ್ಚಿದಳು. ಎರಡು ದಮ್ಮು ಎಳೆದು, ಉರಿಯುತ್ತಿದ್ದ ಚುಟ್ಟವನ್ನು ಕಟ್ಟೆಯ ಅಂಚಿಗಿಟ್ಟು ಮಂಡಕ್ಕಿ ತಿನ್ನತೊಡಗಿದಳು. ಕೆಟ್ಟ ಚುಟ್ಟ ಕೆಳಗಿಟ್ಟರೆ ಆರುತ್ತದೆ ಅಥವಾ ಒಂದು ಮಗ್ಗುಲು ಸುಟ್ಟುಕೊಂಡು ಓಡುತ್ತದೆ. ಒಳ್ಳೆಯದು ಸೇದುವವರ ಮಾತು ಮುಗಿಯುವವರೆಗೆ ಕಾಯುತ್ತದೆ ಎಂದಳು. ಮಿರ್ಚಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದಿತ್ತು. ಆಕೆ ನಿಧಾನವಾಗಿ ತಿಂದು, ಕೈ ತೊಳೆದು, ಚುಟ್ಟ ಎತ್ತಿ ಎಳೆದಳು. ಹೊಗೆ ಬಂತು. ಬೂದಿ ಬೆರಳಿನ ಒಂದು ಗೆಣ್ಣಿನಷ್ಟು ಬೆಳೆದು ಹಾಗೇ ನಿಂತಿತ್ತು.

“ಒಳಗಿನ ಎಲಿ ಉದ್ದಕ್ಕ ಮಲಗಿರಬೇಕು. ಚೂರು ತುಂಬಿದರ ಬೂದಿ ನಿಲ್ಲಂಗಿಲ್ಲ,” ಎಂದಳು. “ಇದು ನನ್ನದು, ಕೊಟ್ಟೂರಾಗ ಸೇದಿದ್ದೂ ನನ್ನದ. ಆ ವಾಸನಿ ಮಾತ್ರ ಯಾರದು?”

ಅಂಗಡಿಯವನು ತಲೆ ಕೆರೆದುಕೊಂಡ. “ಅವ್ವಾ, ಇದನ್ನ ಹನುಮಂತಪ್ಪನವರು ಸುತ್ತಿದ್ದು, ಈಗಿಂದು ನೀ ಸುತ್ತಿದ್ದು ಅಂತ ಸಾವ್ಕಾರ್ರು ಹೇಳ್ಯಾರ.”

ಆಕೆ ಚುಟ್ಟವನ್ನು ಕಟ್ಟೆಗೆ ಒತ್ತಿ ಆರಿಸಿದಳು.

ಹೂವಿನಹಡಗಲಿಯಲ್ಲಿ ಬಸ್ ಇಳಿದಾಗ ಮಲ್ಲಿಗೆಯ ಬುಟ್ಟಿಗಳಿಗೆ ನೀರು ಚಿಮುಕಿಸುತ್ತಿದ್ದರು. ಅಲ್ಲಿಯ ಅಂಗಡಿಯವನು ಆಕೆಯನ್ನು ಮೆಟ್ಟಿಲು ಹತ್ತಗೊಡಲಿಲ್ಲ. “ನನ್ನ ಅಂಗಡಿ ಮುಂದ ಹೆಂಗಸರು ಹೊಗಿ ಬಿಡೋದು ಬ್ಯಾಡವ್ವ,” ಎಂದ. ಆಕೆ ಅವನ ಅಂಗಡಿಯ ಮುಂದೆ ಬಿಡಲಿಲ್ಲ. ಒಂದು ಚುಟ್ಟ ಕೊಂಡು, ರಸ್ತೆ ದಾಟಿ, ಅವನ ಕಣ್ಣಿಗೆ ನೇರ ಕಾಣುವಂತೆ ಎದುರುಗಡೆಯ ಕಲ್ಲಿನ ಮೇಲೆ ಕೂತು ಸೇದಿದಳು. ಅದೇ ತಣ್ಣನೆಯ ವಾಸನೆ ಎಂದಳು.

ರಾತ್ರಿ ಉಳಿಯಲು ಆಕೆಯ ಅಕ್ಕ ನೀಲಮ್ಮನ ಮನೆಗೆ ಹೋದೆವು. ನೀಲಮ್ಮ ಬಾಗಿಲಲ್ಲೇ ಹಿಡಿದುಕೊಂಡಳು. “ಬಜಾರದಾಗ ಕುಂತು ಚುಟ್ಟ ಸೇದಿಯಂತಲ್ಲೇ? ನಾಚಿಕಿ ಐತೇನು ನಿನಗ? ನಿನಗಿಂತ ಮೊದಲ ಮೊಬೈಲಿನಾಗ ನೀ ಬಂದೀದಿ ನೋಡು!”

“ಚೆಂದ ಬಂದೀನೇನು?”

ನೀಲಮ್ಮ ನಗು ತಡೆಯಲಾರದೆ ಒಳಗೆ ಹೋದಳು. ತಂಗಿಯೂ ನಕ್ಕಳು. ರೊಟ್ಟಿ ಬಡಿಯುವ ಮೊದಲು ನಮಗೆ ಹೊದಿಕೆ ಕೊಡಲೆಂದು ನೀಲಮ್ಮ ಟ್ರಂಕಿನ ಮುಚ್ಚಳ ತೆಗೆದಳು. ಹುಲಿಗೆಮ್ಮ ಕೂತಲ್ಲಿಂದ ಎದ್ದಳು. ಟ್ರಂಕಿನೊಳಗೆ ತಲೆಯಿಟ್ಟು ಮೂಸಿ, ಸೀರೆಗಳ ನಡುವಿನಿಂದ ಬೆಳ್ಳನೆಯ ನುಸಿ ಗುಳಿಗೆಯೊಂದನ್ನು ಹೆಕ್ಕಿ ನನ್ನ ಮುಂದೆ ಹಿಡಿದಳು.

“ಇದ ಅಣ್ಣಾ. ಇದ.”

ಸೋಮವಾರ ಹರಪನಹಳ್ಳಿ. ಮೆಕ್ಕೆಜೋಳದ ಲಾರಿಗಳಿಂದ ರಸ್ತೆ ತುಂಬಿತ್ತು. ರುದ್ರಪ್ಪನವರು ಒಳಕ್ಕೆ ಕರೆದು ಚಹಾ ತರಿಸಿದರು. ಹಣೆ ತುಂಬ ವಿಭೂತಿ, ಮೆತ್ತಗಿನ ಮಾತು. ಹುಲಿಗೆಮ್ಮ ಚುಟ್ಟದ ಪೆಟ್ಟಿಗೆ ತೆಗೆಸಿದಳು. ಕಟ್ಟುಗಳ ನಡುವೆ, ನಾಲ್ಕೂ ಮೂಲೆಯಲ್ಲಿ, ನುಸಿ ಗುಳಿಗೆಗಳಿದ್ದವು. ಅದನ್ನೂ ನಾನು ನೋಡಿದೆ.

“ಹೂಂ, ನಾನೇ ಹಾಕ್ಸಿದೀನಿ,” ಎಂದರು ಸಾವುಕಾರರು. “ಮಳೆಗಾಲದಾಗೆ ಎಲೆಗೆ ಹುಳ ಬೀಳ್ತವೆ. ನಿನ್ನ ಮಾಲು ಕೆಡಬಾರದು ಅಂತ ಹಾಕ್ಸಿದ್ದು. ಅದಕ್ಕೂ ರುಚಿಗೂ ಏನು?”

“ಎಲಿ ಎಲ್ಲಾ ವಾಸನಿ ಕುಡಿತೈತ್ರಿ. ಒಂದು ಸೇದಿ ನೋಡ್ರಿ.”

“ನಾನು ಅದನ್ನೆಲ್ಲ ಬಾಯಿಗೆ ಮುಟ್ಟಿಸೋನಲ್ಲ. ನೋಡವ್ವಾ, ಹನುಮಂತಪ್ಪನ ಕೈ ಬೇರೆ. ಅದು ನಿನಗೆ ಬರಲ್ಲ. ಸುಮ್ನೆ ಗುಳಿಗೆ ಮೇಲೆ ಹಾಕಬೇಡ.”

ಹುಲಿಗೆಮ್ಮ ಚಹಾದ ಲೋಟ ಕೆಳಗಿಟ್ಟು ಹೊರಗೆ ಬಂದು ನಡುವಿನ ಮೆಟ್ಟಿಲ ಮೇಲೆ ನಿಂತಳು. ನಾನು ಹಿಂದೆಯೇ ಇಳಿದು ಕೆಳಗಿನ ಮೆಟ್ಟಿಲಲ್ಲಿ ತಿರುಗಿ ನಿಂತೆ. ಆಕೆ ಚೀಲದ ಬಟ್ಟೆ ಬಿಚ್ಚಿ ತನ್ನ ಚುಟ್ಟ ಹಚ್ಚಿದಳು. ಅವಸರ ಮಾಡಲಿಲ್ಲ. ಬೂದಿ ಗೆಣ್ಣುದ್ದ ಬರುವವರೆಗೆ ಸೇದಿದಳು. ರಸ್ತೆಯಲ್ಲಿ ಜನ ನಿಂತರು. ಸಾವುಕಾರರು ಬಾಗಿಲಿಗೆ ಬಂದರು, ಮುಖ ಕೆಂಪಾಗಿತ್ತು. “ಗಂಡ ಸತ್ತು ವರ್ಷ ತುಂಬಿಲ್ಲ, ನನ್ನ ಬಾಗಿಲಾಗೆ ನಿಂತು...” ಎಂದವರು ಮಾತು ಮುಗಿಸದೆ ಬಲಗೈ ಬೀಸಿದರು.

ಕೈ ಚುಟ್ಟಕ್ಕೂ ತಾಗಿತು, ತುಟಿಗೂ ತಾಗಿತು. ಚುಟ್ಟ ಹಾರಿ ನನ್ನ ಮೆಟ್ಟಿಲ ಮೇಲೆ ಬಿತ್ತು, ಒಂದು ಸುತ್ತು ಉರುಳಿ ನನ್ನ ಬಲಗಾಲ ಚಪ್ಪಲಿಗೆ ತಡೆದು ನಿಂತಿತು. ಅದು ಬಿದ್ದಿದ್ದು ರಸ್ತೆಯ ಕಡೆ. ಗೋದಾಮು ಅವರ ಬೆನ್ನ ಹಿಂದಿತ್ತು.

 ಬೂದಿ ನೋಡು ಎಂದು ಆಕೆ ನನ್ನನ್ನು ಕರೆತಂದಿದ್ದಳು, ನೋಡಿದೆ. ಬೂದಿ ಮುರಿದಿರಲಿಲ್ಲ. ತುದಿಯಲ್ಲಿ ಕೆಂಡವಿತ್ತು.

ಹುಲಿಗೆಮ್ಮ ಬಾಗಿ ಚುಟ್ಟವನ್ನು ಎತ್ತಿಕೊಂಡಳು. ಕೆಳತುಟಿಯಲ್ಲಿ ರಕ್ತವಿತ್ತು. ಕಚ್ಚುವ ತುದಿಯ ಧೂಳನ್ನು ಸೆರಗಿನಿಂದ ಒರೆಸಿ, ಬಾಯಿಗಿಟ್ಟು, ಎಳೆದಳು. ಹೊಗೆ ಬಂತು.

“ನೋಡ್ರಿ ಸಾವ್ಕಾರ್ರ,” ಎಂದಳು. ದನಿ ಏರಿರಲಿಲ್ಲ. “ಹೊಡೆದು ಕೆಡವಿದರೂ ಬೂದಿ ಉದುರಿಲ್ಲ. ನಮ್ಮವರು ಮಣ್ಣಿಗೆ ಹೋಗಿ ಒಂದು ಮಳಿಗಾಲ ಕಳೀತು. ಇದು ಮೊನ್ನಿ ಗುರುವಾರ ಸುತ್ತಿದ್ದು. ಕೈ ಯಾರದು, ನೀವ ಹೇಳ್ರಿ.”

 ಆಕೆ ಅಲ್ಲೇ ನಿಂತು ಅದನ್ನು ಬೆರಳು ಬಿಸಿಯಾಗುವವರೆಗೆ ಸೇದಿ, ಚರಂಡಿಯ ನೀರಿಗೆ ಹಾಕಿ, ಅದು ಚುಂಯ್ ಎಂದು ಆರಿದ ಮೇಲೆ ಹೊರಟಳು. ಕೊಟ್ಟೂರಿನ ಮೇಲೆ ಕೂಡ್ಲಿಗಿಗೆ ಬಂದೆವು. ದಾರಿಯುದ್ದಕ್ಕೂ ಆಕೆ ತುಟಿಗೆ ಸೆರಗು ಒತ್ತಿಕೊಂಡಿದ್ದಳು. ಊರು ಕಂಡಾಗ, “ಇನ್ನ ಮ್ಯಾಲೆ ಕಟ್ಟಿನ ಚೀಟಿ ಮ್ಯಾಲೆ ನನ್ನ ಹೆಸರ ಬರಸ್ತೀನಿ,” ಎಂದಳು. ಬರೆಸಿದ್ದಾಳೆ. ಮಹಬೂಬ್‌ಸಾಬರು, ಹಗರಿಬೊಮ್ಮನಹಳ್ಳಿಯವನು ಈಗ ನೇರವಾಗಿ ಆಕೆಯಿಂದಲೇ ತರಿಸಿಕೊಳ್ಳುತ್ತಾರೆ. ಹಡಗಲಿಯವನು ಇನ್ನೂ ತರಿಸಿಲ್ಲ.

ಕೊಟ್ಟೂರಿನಲ್ಲಿ ಮೊಬೈಲ್ ಹಿಡಿದವರಿದ್ದರು, ಹರಪನಹಳ್ಳಿಯಲ್ಲಿ ಯಾರೂ ಹಿಡಿಯಲಿಲ್ಲ. ಎಸೆದಳು ಎನ್ನುವವರು ಅದನ್ನೇ ನಂಬಿಕೊಂಡಿದ್ದಾರೆ. ಅವರು ಕೇಳಬೇಕಾದವರು ಇವರು: ಎದುರಿನ ವೆಲ್ಡಿಂಗ್ ಅಂಗಡಿಯ ದಾದಾಪೀರ್, ಕಣ್ಣಿಗೆ ಹಾಕಿದ್ದ ಕಪ್ಪು ಕನ್ನಡಕ ತೆಗೆದು ನೋಡಿದವನು. ಚಹಾದ ಕೆಟಲ್ ಹಿಡಿದು ಮೂಲೆಯಲ್ಲಿ ನಿಂತಿದ್ದ ಕೊಟ್ರಮ್ಮ. ಅಂಗಡಿಯ ಹಮಾಲಿ ಚಿಗಟೇರಿಯ ದುರುಗಪ್ಪ, ಮೂಟೆ ಇಳಿಸಲೂ ಮರೆತು ಬೆನ್ನ ಮೇಲೆ ಹೊತ್ತುಕೊಂಡೇ ನೋಡಿದವನು. ಮೂವರೂ ಇದ್ದಾರೆ. ರುದ್ರಪ್ಪನವರೂ ನೋಡಿದ್ದಾರೆ. ಅವರೂ ಇದ್ದಾರೆ.